ಹುಟ್ಟುವಾಗಲೇ ಮೂರು ವರ್ಷ ತುಂಬಿರಲಿ

ಸರ್ಕಾರಿ ಲೆಕ್ಕದಲ್ಲಿ ನಮ್ಮ ಮಕ್ಕಳು ಎರಡು ಸಲ ಹುಟ್ಟುತ್ತವೆ. ಮೊದಲ ಸಲ ಆಸ್ಪತ್ರೆಯಲ್ಲಿ. ಆಗ ಅಮ್ಮನಿಗೆ 26 ವಾರ ಸಂಬಳಸಹಿತ ರಜೆ. ಎರಡನೇ ಸಲ ಮೂರು ವರ್ಷ ತುಂಬಿದ ಮೇಲೆ, ಅಂಗನವಾಡಿಯ ಬಾಗಿಲಲ್ಲಿ. ನಡುವಿನ ಎರಡೂವರೆ ವರ್ಷ ಕೂಸು ಎಲ್ಲಿರುತ್ತದೆ, ಯಾರ ಕೈಯಲ್ಲಿರುತ್ತದೆ ಎಂದು ಯಾವ ಇಲಾಖೆಯೂ ತಲೆ ಕೆಡಿಸಿಕೊಂಡಂತಿಲ್ಲ. ಹಾಗಂತ ಪೂರ್ತಿ ಬೈದುಬಿಡುವುದೂ ತಪ್ಪು. ಆ ಅವಧಿಯಲ್ಲೂ ಅಂಗನವಾಡಿಯಿಂದ ಪೌಷ್ಟಿಕ ಆಹಾರದ ಪೊಟ್ಟಣ ಮನೆಗೆ ಬರುತ್ತದೆ. ಅದನ್ನು ಬಿಚ್ಚಿ, ಕಾಯಿಸಿ, ಕಲಸಿ, ಆರಿಸಿ ತಿನ್ನುವ ಜವಾಬ್ದಾರಿ ಮಾತ್ರ ಎಂಟು ತಿಂಗಳ ಕೂಸಿನದು.

ಕಾನೂನು ಇಲ್ಲವೇ ಎಂದು ಕೇಳಬೇಡಿ, ಬೇಕಾದಷ್ಟಿದೆ. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ತಂದು 12 ವಾರದ ರಜೆಯನ್ನು 26 ವಾರ ಮಾಡಿದರು. ಸಂಸತ್ತಿನಲ್ಲಿ ಮೇಜು ಕುಟ್ಟಿದರು. 50 ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಕಡೆ ಶಿಶುಪಾಲನಾ ಕೇಂದ್ರ ಇರಲೇಬೇಕು ಎಂದೂ ಬರೆದರು. ಕೇಂದ್ರ ಹೇಗಿರಬೇಕು ಎಂದು 2018ರಲ್ಲಿ ಮಾರ್ಗಸೂಚಿಯೂ ಬಂತು: ಕೆಲಸದ ಜಾಗದಿಂದ 500 ಮೀಟರ್ ಒಳಗಿರಬೇಕು, ಆರು ತಿಂಗಳಿಂದ ಆರು ವರ್ಷದ ಮಕ್ಕಳಿಗೆ ಪ್ರವೇಶ. ಈಗ ಸ್ವಲ್ಪ ಗಣಿತ ಮಾಡೋಣ. 26 ವಾರದಲ್ಲಿ ಎಂಟು ವಾರವನ್ನು ಹೆರಿಗೆಗೆ ಮುಂಚೆಯೇ ತೆಗೆದುಕೊಳ್ಳಬಹುದು. ಕಾಲು ಊದಿಕೊಂಡು, ಬಿ.ಪಿ. ಏರಿ, ಡಾಕ್ಟರು ‘ಮಲಗಮ್ಮಾ’ ಎಂದದ್ದಕ್ಕೆ ಎಂಟು ವಾರ ಮಲಗಿದವಳಿಗೆ ಹೆರಿಗೆಯ ನಂತರ ಉಳಿಯುವುದು 18 ವಾರ. ಅವಳ ರಜೆ ಮುಗಿದಾಗ ಕೂಸಿಗೆ ನಾಲ್ಕೂ ಚಿಲ್ಲರೆ ತಿಂಗಳು. ಶಿಶುಪಾಲನಾ ಕೇಂದ್ರಕ್ಕೆ ಸೇರಲು ಆರು ತಿಂಗಳಾಗಬೇಕು. ಉಳಿದ ವಾರಗಳನ್ನು ಆ ಕೂಸು ಬಹುಶಃ ಗೇಟಿನಾಚೆ ಸಾಲಿನಲ್ಲಿ ನಿಂತು ಕಳೆಯಬೇಕು. ನಿಲ್ಲಲು ಇನ್ನೂ ಬರುವುದಿಲ್ಲವಲ್ಲ ಎಂದರೆ, ಅದು ಆಡಳಿತಾತ್ಮಕ ತೊಂದರೆ.

ಕಾಯ್ದೆಯಲ್ಲಿ ನನಗೆ ಅತ್ಯಂತ ಇಷ್ಟವಾದ ಸಾಲು ಬೇರೆಯೇ ಇದೆ. ತಾಯಿ ದಿನಕ್ಕೆ ನಾಲ್ಕು ಸಲ ಕೇಂದ್ರಕ್ಕೆ ಹೋಗಿ ಮಗುವನ್ನು ನೋಡಿಬರಬಹುದು, ವಿರಾಮದ ಹೊತ್ತೂ ಸೇರಿ. ಎಷ್ಟು ಅಂತಃಕರಣ! ಆದರೆ ಆಫೀಸಿನಲ್ಲಿ ಕೇಂದ್ರವೇ ಇಲ್ಲದೆ, ಮಗು ಯಲಹಂಕದ ಮನೆಯಲ್ಲಿದ್ದು, ಅಮ್ಮ ಎಲೆಕ್ಟ್ರಾನಿಕ್ ಸಿಟಿಯಲ್ಲಿದ್ದರೆ? ಮೊದಲ ಭೇಟಿಗೆಂದು ಬೆಳಿಗ್ಗೆ ಹೊರಟವಳು ಸಿಲ್ಕ್ ಬೋರ್ಡ್ ದಾಟುವಷ್ಟರಲ್ಲಿ ಎರಡನೇ ಭೇಟಿಯ ಹೊತ್ತಾಗಿರುತ್ತದೆ. ನಾಲ್ಕನೆಯದು ಮುಗಿಯುವಾಗ ಮಗು ಎಸ್ಸೆಸ್ಸೆಲ್ಸಿ.

ಇನ್ನು ಈ ‘50’ ಎಂಬ ಸಂಖ್ಯೆಯ ಮಹಿಮೆ. 50ನೆಯವರನ್ನು ಕೆಲಸಕ್ಕೆ ತೆಗೆದುಕೊಳ್ಳುವುದಕ್ಕಿಂತ 49ರಲ್ಲೇ ತೃಪ್ತಿಪಡುವ ವೈರಾಗ್ಯ ನಮ್ಮ ಕೆಲವು ಮಾಲೀಕರಿಗೆ ದಿಢೀರನೆ ಬರುತ್ತದೆ. ಸೆಕ್ಯೂರಿಟಿಯವರು ಒಂದು ಏಜೆನ್ಸಿಯ ಲೆಕ್ಕ, ಗುಡಿಸಿ ಒರೆಸುವವರು ಇನ್ನೊಂದರ ಲೆಕ್ಕ, ಕ್ಯಾಂಟೀನಿನವರು ಮತ್ತೊಂದರ ಲೆಕ್ಕ. ಕಟ್ಟಡದ ತುಂಬ ಜನ, ಹಾಜರಿ ಪುಸ್ತಕದಲ್ಲಿ ಬರೇ 49. ಕಾರ್ಖಾನೆಗಳದು ಇನ್ನೂ ಹಳೆಯ ಕಥೆ: 1948ರ ಕಾರ್ಖಾನೆ ಕಾಯ್ದೆಯ ಪ್ರಕಾರ 30ಕ್ಕಿಂತ ಹೆಚ್ಚು ಹೆಂಗಸರು ದುಡಿಯುವಲ್ಲಿ ಕೇಂದ್ರ ಇರಬೇಕಿತ್ತು. ಗಾರ್ಮೆಂಟ್ಸ್ ಹೆಣ್ಣುಮಕ್ಕಳನ್ನು ಕೇಳಿ ನೋಡಿ. ‘ಇದೆ ಅಕ್ಕಾ, ಆದ್ರೆ ಬೆಳಿಗ್ಗೆ ಆ ಬಸ್ಸಲ್ಲಿ ಕೂಸನ್ನ ಎತ್ಕೊಂಡು ಹೆಂಗ್ ಬರ್ಲಿ?’ ಒಂಟಿ ಕಾಲಿಗೇ ಜಾಗವಿಲ್ಲದ ಬಸ್ಸದು. ಹೀಗಾಗಿ ಗೋಡೆಯ ಮೇಲಿನ ಮೊಲ, ಆನೆ, ಚಿಟ್ಟೆಗಳು ಆಡಿಟ್‌ನವರ ದಾರಿ ಕಾಯುತ್ತ ಕೂತಿರುತ್ತವೆ.

2025ರ ನವೆಂಬರ್‌ನಲ್ಲಿ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಾಗ ಹೆರಿಗೆ ಸೌಲಭ್ಯ ಕಾಯ್ದೆಯ ಮಾತೆಲ್ಲ ಹೊಸ ಪುಸ್ತಕಕ್ಕೆ ವರ್ಗವಾಯಿತು. ಅದೇ 50, ಅದೇ ನಾಲ್ಕು ಭೇಟಿ. ರಟ್ಟು ಹೊಸದು.

ರಜೆ ಮುಗಿಸಿ ಬಂದ ದಿನ ಆಫೀಸಿನಲ್ಲಿ ಕೇಕ್ ಇರುತ್ತದೆ, ಅದನ್ನು ಒಪ್ಪಿಕೊಳ್ಳಲೇಬೇಕು. ‘ವೆಲ್ಕಂ ಬ್ಯಾಕ್’ ಎಂದು ಬರೆದ ಕಾರ್ಡಿನ ಮೇಲೆ ಎಲ್ಲರ ಸಹಿ. ‘ಆರಾಮಾಗಿ ಶುರು ಮಾಡಿ ಮೇಡಂ, ಅವಸರ ಏನಿಲ್ಲ. ಸಂಜೆ ಏಳಕ್ಕೆ ಒಂದು ಕಾಲ್ ಇದೆ ಅಷ್ಟೆ.’ ಹಾಲು ತೆಗೆದಿಡಲು ಜಾಗ ಕೇಳಿದರೆ ಒಂದು ಕೋಣೆ ತೋರಿಸುತ್ತಾರೆ. ಬಾಗಿಲ ಮೇಲೆ ತಾಯಿ–ಮಗುವಿನ ಚಂದದ ಚಿತ್ರ. ಒಳಗೆ ಕೆಟ್ಟ ಯುಪಿಎಸ್, ಕೈ ಮುರಿದ ಕುರ್ಚಿಗಳು, ಹೋದ ಮಹಿಳಾ ದಿನಾಚರಣೆಯ ಬ್ಯಾನರ್. ಚಿಲಕ ಇಲ್ಲ. ವರ್ಷದ ಕೊನೆಯಲ್ಲಿ ಅಪ್ರೈಸಲ್: ‘ನಿಮ್ಮ ಕೆಲಸ ಚೆನ್ನಾಗಿದೆ, ಆದರೆ ಆರು ತಿಂಗಳು ನೀವು ಕಾಣಲೇ ಇಲ್ಲವಲ್ಲ?’ ಅದೇ ವರ್ಷ ತಂದೆಯಾದ ಪಕ್ಕದ ಮೇಜಿನವನಿಗೆ, ‘ಇನ್ನು ನಿಂಗೆ ಜವಾಬ್ದಾರಿ ಜಾಸ್ತಿ ಕಣಯ್ಯಾ’ ಎಂದು ಬಡ್ತಿ. ಒಂದೇ ಮಗು ಅಪ್ಪನ ಕೈಯಲ್ಲಿ ಯೋಗ್ಯತೆ, ಅಮ್ಮನ ಕೈಯಲ್ಲಿ ಅಡಚಣೆ.

‘ಮಗೂನ ಯಾರು ನೋಡ್ಕೋತಾರೆ?’ ಎಂಬ ಪ್ರಶ್ನೆಯನ್ನು ಲಿಫ್ಟಿನಲ್ಲಿ, ಮದುವೆ ಮನೆಯಲ್ಲಿ, ತರಕಾರಿ ಗಾಡಿಯ ಹತ್ತಿರ ಅವಳಿಗೇ ಕೇಳುತ್ತಾರೆ. ಅವನಿಗೆ ಯಾರಾದರೂ ಕೇಳಿದ್ದನ್ನು ನಾನು ಈವರೆಗೆ ಕಂಡಿಲ್ಲ. ಉತ್ತರ ಕೊಡುವುದರೊಳಗೆ ಎರಡನೆಯದು: ‘ಮಗೂಗಿಂತ ಕೆಲಸ ಹೆಚ್ಚಾ?’ ಮನೆ ಸಾಲದ ಕಂತಿನ ಅರ್ಧ ಅವಳ ಸಂಬಳದಿಂದಲೇ ಹೋಗುತ್ತದೆ ಎಂಬ ಸಂಗತಿ ಆ ಹೊತ್ತಿಗೆ ಎಲ್ಲರಿಗೂ ಮರೆತಿರುತ್ತದೆ, ಬ್ಯಾಂಕೊಂದನ್ನು ಬಿಟ್ಟು.

ಹಾಗಾದರೆ ದೇಶ ಹೇಗೆ ನಡೆಯುತ್ತಿದೆ? ಬಜೆಟ್ಟೂ ನೇಮಕಾತಿಯೂ ಇಲ್ಲದ ಒಂದು ಬೃಹತ್ ಯೋಜನೆಯಿಂದ. ಅದರ ಹೆಸರು ಅಜ್ಜಿ. ಮಂಡಿ ಸವೆದ, ಸಕ್ಕರೆ ಕಾಯಿಲೆಯ, 58 ವರ್ಷ ದುಡಿದು ಈಗಷ್ಟೇ ಮಧ್ಯಾಹ್ನ ಕಣ್ಣುಮುಚ್ಚಲು ಪುರುಸೊತ್ತು ಸಿಕ್ಕಿದ ಅಜ್ಜಿಯನ್ನು ಹಾವೇರಿಯಿಂದಲೋ ಸಾಗರದಿಂದಲೋ ಬೆಂಗಳೂರಿನ ಏಳನೇ ಮಹಡಿಗೆ ವರ್ಗ ಮಾಡಲಾಗುತ್ತದೆ. ತಾತ ಊರಲ್ಲಿ ಒಬ್ಬರೇ ಉಪ್ಪಿಟ್ಟು ಕೆದಕಿಕೊಂಡಿರುತ್ತಾರೆ. ಅಮ್ಮ ಮೂರು ತಿಂಗಳು, ಅತ್ತೆ ಮೂರು ತಿಂಗಳು ಎಂಬ ಈ ಪಾಳಿ ಸಾಗರ ದಾಟಿಯೂ ಕೆಲಸ ಮಾಡುತ್ತದೆ. ಅಮೆರಿಕದ ಕೇಂದ್ರ ಕಾನೂನು ಬಾಣಂತಿಗೆ ಕೊಡುವುದು 12 ವಾರ, ಅದೂ ಸಂಬಳವಿಲ್ಲದೆ. ಅಲ್ಲಿನ ಕನ್ನಡದ ಮನೆಗಳು ನಿಂತಿರುವುದು ಸೂಟ್‌ಕೇಸಿನಲ್ಲಿ ರಾಗಿ ಸರಿ ಹಿಟ್ಟು ತುಂಬಿಕೊಂಡು ವಿಸಿಟರ್ ವೀಸಾದಲ್ಲಿ ಇಳಿಯುವ ಅಜ್ಜಿಯರ ಮೇಲೆ.

ಅಜ್ಜಿ ಇಲ್ಲದವರಿಗೆ ‘ಮಗು ನೋಡಿಕೊಳ್ಳೋರು’ ಸಿಗುತ್ತಾರೆ, ಏಜೆನ್ಸಿಗೆ ಮುಂಗಡ ಕಟ್ಟಿದರೆ. ಇಲ್ಲಿ ನನ್ನ ನಗು ನಿಲ್ಲುತ್ತದೆ. ಹತ್ತಕ್ಕಿಂತ ಕಡಿಮೆ ಜನರ ಕೆಲಸದ ಜಾಗಕ್ಕೆ ಹೆರಿಗೆ ಸೌಲಭ್ಯದ ಕಾನೂನು ಸಾಮಾನ್ಯವಾಗಿ ತಾಗುವುದೇ ಇಲ್ಲ, ಮನೆಗೆಲಸದವಳಿಗಂತೂ ಕೇಳಲೇಬೇಡಿ. ಅವಳಿಗೆ 26 ವಾರದ ಬದಲು ಮಾತೃವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000 ರೂಪಾಯಿ, ಅದೂ ಕಂತಿನಲ್ಲಿ, ದಾಖಲೆಗಳೆಲ್ಲ ಸರಿ ಇದ್ದರೆ. ನಮ್ಮ ಮಗುವನ್ನು ಎತ್ತಿಕೊಳ್ಳಲು ಬಂದವಳ ಮಗುವನ್ನು ಅವಳ ಹತ್ತು ವರ್ಷದ ಮಗಳು ಎತ್ತಿಕೊಂಡಿರುತ್ತಾಳೆ. ಆ ಹುಡುಗಿ ಐದನೇ ಕ್ಲಾಸಿಗೆ ಶಾಲೆ ಬಿಟ್ಟಿರುತ್ತಾಳೆ. ಅವಳಿಗೆ ಯಾವ ರಜೆಯೂ ಇಲ್ಲ.

ಹಳ್ಳಿಗಳಲ್ಲಿ ಕನಿಷ್ಠ ಒಂದು ಪ್ರಯತ್ನ ಕಾಣುತ್ತದೆ. ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವುದಾಗಿ ರಾಜ್ಯ ಸರ್ಕಾರ 2023ರಲ್ಲಿ ಹೇಳಿತು. ಗುದ್ದಲಿ ಹಿಡಿದವಳ ಕೂಸು ಎಲ್ಲಿ ಮಲಗಬೇಕು ಎಂದು ಪಂಚಾಯಿತಿಗೆ ಹೊಳೆದದ್ದು ಗಾಜಿನ ಕಟ್ಟಡಗಳ ಬೃಹಸ್ಪತಿಗಳಿಗೆ ಹೊಳೆಯಲಿಲ್ಲ. ಅವರು ಬೇರೆ ಲೆಕ್ಕದಲ್ಲಿ ಮುಳುಗಿದ್ದರು. ಅದೇ ವರ್ಷ ನಾರಾಯಣ ಮೂರ್ತಿಯವರು ಯುವಜನ ವಾರಕ್ಕೆ 70 ಗಂಟೆ ದುಡಿಯಬೇಕು ಎಂದರು. ಸ್ವಾಮಿ, 2024ರ ಸಮಯ ಬಳಕೆ ಸಮೀಕ್ಷೆ ನೋಡಿ. ಮನೆಗೆಲಸಕ್ಕೆ ಕೈ ಹಚ್ಚುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಅದರಲ್ಲೇ ಕಳೆಯುತ್ತಾರೆ, ಗಂಡಸರು 88. ಆ ಸರಾಸರಿಯನ್ನೇ ಹಿಡಿದರೆ ವಾರಕ್ಕೆ ಸುಮಾರು 34 ಗಂಟೆ. ಆಫೀಸಿನ 48 ಸೇರಿಸಿ: 82. ಮಗುವನ್ನು ನೋಡಿಕೊಳ್ಳುವ ಹೊತ್ತು ಇದರಲ್ಲಿಲ್ಲ, ಸಮೀಕ್ಷೆ ಅದನ್ನು ಬೇರೆಯೇ ಎಣಿಸುತ್ತದೆ. ಬಾಣಂತನ ಮುಗಿಸಿ ಬಂದವಳು 70ರ ಗಡಿಯನ್ನು ವಾರ ಮುಗಿಯುವ ಮೊದಲೇ ದಾಟಿ, ಉಗಿಯಾಡುವ ಕುಕ್ಕರಿನ ಮುಂದೆ ನಿಂತಿದ್ದಾಳೆ.

ಅಪ್ಪಂದಿರಿಗೆ ಒಂದು ಮಾತು. ಕೇಂದ್ರ ಸರ್ಕಾರಿ ನೌಕರರಾಗಿದ್ದರೆ ನಿಮಗೆ 15 ದಿನ ಪಿತೃತ್ವ ರಜೆ. ಖಾಸಗಿಯಾದರೆ ಕಾನೂನಿನ ಪ್ರಕಾರ ಸೊನ್ನೆ, ಕಂಪನಿ ಕೊಟ್ಟಷ್ಟೇ ಪ್ರಸಾದ. ಆದರೆ 50 ಜನರನ್ನು ಎಣಿಸುವಾಗ ನಿಮ್ಮ ತಲೆಯೂ ಲೆಕ್ಕಕ್ಕಿದೆ. 2018ರ ಮಾರ್ಗಸೂಚಿ ಶಿಶುಪಾಲನಾ ಕೇಂದ್ರವನ್ನು ಎಲ್ಲ ನೌಕರರ ಮಕ್ಕಳಿಗೂ ಎನ್ನುತ್ತದೆ, ಗುತ್ತಿಗೆಯವರು ದಿನಗೂಲಿಯವರೂ ಸೇರಿ. ಬಾಣಂತಿಯೊಬ್ಬಳು ಹೋಗಿ ಕೇಳಿದರೆ ಅದು ‘ಅವಳ ಸಮಸ್ಯೆ’ ಆಗಿ ಫೈಲಿನಲ್ಲಿ ಕೂರುತ್ತದೆ. ‘ನನ್ನ ಮಗುವನ್ನು ನಾಳೆಯಿಂದ ಕರೆತರುತ್ತೇನೆ, ಕೇಂದ್ರ ಎಲ್ಲಿದೆ ತೋರಿಸಿ’ ಎಂದು ಸೋಮವಾರ ಬೆಳಿಗ್ಗೆ ಎಚ್‌ಆರ್ ಮುಂದೆ ಹತ್ತು ಗಂಡಸರು ನಿಂತು ಕೇಳಿ. ಕೇಳಲು ನಾಚಿಕೆಯಾದರೆ, ಮೊದಲ ದಿನದ ಕೇಕನ್ನಾದರೂ ಅವಳ ಕೈಯಲ್ಲಿ ಕತ್ತರಿಸಿಸಬೇಡಿ.