ಹಂಚಿಕೆ ಎಂಬ ಹಣೆಬರಹ

ಕರ್ನಾಟಕದಲ್ಲಿ ಲಾಟರಿ ನಿಂತದ್ದು 2007ರಲ್ಲಿ. ಅದೃಷ್ಟ ಪರೀಕ್ಷೆಯ ಚಟ ಮಾತ್ರ ನಿಲ್ಲಲಿಲ್ಲ. ಷೇರು ಇಡುವ ಡಿಮ್ಯಾಟ್ ಖಾತೆ ತೆರೆದು, ಪ್ಯಾನ್ ಕಾರ್ಡು ಹಿಡಿದು, ಗೌರವಸ್ಥರ ಸಾಲಿಗೆ ಸೇರಿತು. ಕಂಪನಿಗಳು ಮೊದಲ ಸಲ ಜನರಿಗೆ ಷೇರು ಮಾರುವ ಐಪಿಓವನ್ನು ಚೀಟಿ ಎತ್ತುವುದು ಎಂದರೆ ಹೂಡಿಕೆದಾರರಿಗೆ ಸಿಟ್ಟು ಬರುತ್ತದೆ. ಅವರು ಪ್ರಾಸ್ಪೆಕ್ಟಸ್ ಓದಿದವರು (ಮುಖಪುಟವನ್ನಂತೂ ಓದಿರುತ್ತಾರೆ). ಆದರೆ ಷೇರುಪೇಟೆಯ ನಿಯಂತ್ರಕ ಸೆಬಿಯ ನಿಯಮವೇ ಹಾಗಿದೆ. ಎರಡು ಲಕ್ಷ ಮೀರದಂತೆ ಅರ್ಜಿ ಹಾಕುವ ಚಿಲ್ಲರೆಯವರಿಗೆ ಸಾಮಾನ್ಯವಾಗಿ ಶೇ. 35 ಪಾಲು, ಕಂಪನಿಗೆ ಲಾಭದ ಚರಿತ್ರೆಯಿಲ್ಲದಿದ್ದರೆ ಶೇ. 10. ಅರ್ಜಿದಾರರು ಲಾಟುಗಳಿಗಿಂತ (ಲಾಟೆಂದರೆ ಕನಿಷ್ಠ ಕೊಳ್ಳಬೇಕಾದ ಷೇರುಗಳ ಕಟ್ಟು) ಹೆಚ್ಚಾದರೆ ತಲೆಗೊಂದೇ ಲಾಟು, ಅದೂ ಕಂಪ್ಯೂಟರ್ ಚೀಟಿ ಎತ್ತಿದವರಿಗೆ. ಹದಿನೈದು ಸಾವಿರಕ್ಕೆ ಒಂದು ಲಾಟು ಕೇಳಿದವನಿಗೂ ಹದಿಮೂರು ಲಾಟು ಕೇಳಿದ ಧಣಿಗೂ ಒಂದೇ ಅವಕಾಶ. ಇದು ಅನ್ಯಾಯ, ಕೇಳಿದಷ್ಟಕ್ಕೆ ತಕ್ಕಂತೆ ಹಂಚಿ ಎನ್ನುವವರಿದ್ದಾರೆ. 2012ಕ್ಕೆ ಮುಂಚೆ ಹಾಗೆಯೇ ಇತ್ತು. ಆಗ ದೊಡ್ಡ ಚೆಕ್ಕಿಗೆ ದೊಡ್ಡ ಪಾಲು. ಅದಕ್ಕೂ ಹಿಂದೆ, 2003ರಿಂದ 2005ರವರೆಗೆ, ಚಿಲ್ಲರೆ ಪಾಲನ್ನು ನುಂಗಲು ಇಲ್ಲದ ಮನುಷ್ಯರ ಹೆಸರಿನಲ್ಲಿ ಸಾವಿರಾರು ಡಿಮ್ಯಾಟ್ ಖಾತೆಗಳು ಹುಟ್ಟಿದ್ದವು. ಅದರ ಮುಂದೆ ಇಂದಿನ ಚೀಟಿ ಸಾಧು ಪ್ರಾಣಿ.

ನನ್ನ ತಕರಾರು ಚೀಟಿಯ ಮೇಲಲ್ಲ, ಗೆದ್ದವರ ಸಂಭ್ರಮದ ಮೇಲೆ. ಜನ ಮುಗಿಬಿದ್ದ ಮದುವೆಯಲ್ಲಿ ಅರ್ಧ ಹೋಳಿಗೆಯೂ ಎಲೆಗೆ ಬೀಳುವುದಿಲ್ಲ. ಸಾರು ಹಳಸಿದೆಯೆಂದು ಸುದ್ದಿಯಾದ ಮನೆಯಲ್ಲಿ ಬಕೆಟ್ಟು ಹಿಡಿದು ಬಡಿಸುತ್ತಾರೆ. ಅರ್ಥಶಾಸ್ತ್ರಜ್ಞ ಕೆವಿನ್ ರಾಕ್ 1986ರಲ್ಲೇ ಇದನ್ನು ಲೆಕ್ಕ ಹಾಕಿ ತೋರಿಸಿದರು: ಬಲ್ಲವರು ದೂರ ಉಳಿದ ಷೇರೇ ಬಡಪಾಯಿಗೆ ಧಾರಾಳವಾಗಿ ದಕ್ಕುತ್ತದೆ. 2021ರ ಪೇಟಿಎಂ ಐಪಿಓದಲ್ಲಿ ಚಿಲ್ಲರೆ ಅರ್ಜಿಗಳು ಎರಡು ಪಟ್ಟನ್ನೂ ಮುಟ್ಟಲಿಲ್ಲ. 2,150 ರೂಪಾಯಿಯ ಷೇರು ಮೊದಲ ದಿನವೇ ಕಾಲು ಭಾಗಕ್ಕೂ ಹೆಚ್ಚು ಕರಗಿತು. ಹಾಗಾದರೆ ಜನ ಹೋದ ಕಡೆ ಹೋದರಾಯಿತಲ್ಲ ಎನ್ನಬಹುದು. ಅದಕ್ಕೂ ಉತ್ತರವಿದೆ. 2008ರ ರಿಲಯನ್ಸ್ ಪವರ್‌ಗೆ ಎಪ್ಪತ್ತು ಪಟ್ಟಿಗೂ ಮೀರಿ ಅರ್ಜಿ ಬಂದವು, ಷೇರು ಮೊದಲ ದಿನವೇ ವಿತರಣಾ ಬೆಲೆಗಿಂತ ಕೆಳಗಿಳಿಯಿತು. ಆಗ ಪಾರಾದವರು, ಹಂಚಿಕೆ ಸಿಗಲಿಲ್ಲವೆಂದು ಅತ್ತವರೇ. ಈಗ ಅಳುವುದಕ್ಕೂ ಕಾರಣವಿಲ್ಲ. 2016ರಿಂದ ಅರ್ಜಿಯ ಹಣ ಸ್ವಂತ ಖಾತೆಯಲ್ಲೇ ಕಟ್ಟುಬಿದ್ದು ಬಡ್ಡಿ ಗಳಿಸುತ್ತಿರುತ್ತದೆ, ಸಿಗದಿದ್ದರೆ ಬಿಡುಗಡೆ. ಅಮ್ಮ, ಹೆಂಡತಿ, ಭಾವಮೈದುನ ಎಲ್ಲರ ಹೆಸರಲ್ಲೂ ಒಟ್ಟಿಗೇ ಹಂಚಿಕೆಯಾದರೆ ಮಾತ್ರ ಸಿಹಿ ತರುವ ಮೊದಲು ಎಷ್ಟು ಪಟ್ಟು ಅರ್ಜಿ ಬಂದಿತ್ತೆಂದು ಒಮ್ಮೆ ನೋಡಿಕೊಳ್ಳಿ.