ಸುಮ್ಮನಿರಲೂ ಅರ್ಜಿ

ಪಾಶ್ಚಾತ್ಯ ಸಂಗೀತದಲ್ಲಿ ಒಬ್ಬ ಹಾಡಿದರೆ ಸಾಲದು, ಹಾಡದೆ ಇದ್ದದ್ದನ್ನೂ ಬರೆದಿಡಬೇಕು. ಎಷ್ಟು ಹೊತ್ತು ಸುಮ್ಮನಿದ್ದ, ಅರ್ಧ ಮಾತ್ರೆಯೋ ಕಾಲು ಮಾತ್ರೆಯೋ, ಎಲ್ಲಕ್ಕೂ ಒಂದೊಂದು ಚಿಹ್ನೆ. ಅದಕ್ಕೆ ರೆಸ್ಟ್ ಎಂದು ಹೆಸರು. ಕೈಯಲ್ಲಿ ಬರೆಯುತ್ತಿದ್ದ ಕಾಲಕ್ಕೆ ಇದೊಂದು ಸೌಜನ್ಯವಾಗಿತ್ತು. ಕಂಪ್ಯೂಟರ್ ಬಂದ ಮೇಲೆ ಸೇವಾ ನಿಯಮಾವಳಿಯಾಯಿತು.

ವಿಷಯ ಇಷ್ಟು. ಐದು ಗೆರೆಗಳ ಸ್ಟಾಫ್ ಒಂದೇ ದನಿಯ ಸ್ವತ್ತಲ್ಲ. ಚರ್ಚಿನ ಕಾಯರ್‌ಗಳಲ್ಲಿ ಹಾಡಿದವರಿಗೆ ಇದು ಗೊತ್ತು: ಮೇಲಿನ ಸ್ಟಾಫಿನಲ್ಲಿ ಸೊಪ್ರಾನೊ, ಆಲ್ಟೊ, ಕೆಳಗಿನದರಲ್ಲಿ ಟೆನರ್, ಬಾಸ್. ಯಾರದು ಯಾವ ಸ್ವರ ಎಂದು ಗುರುತಿಸಲು, ಮೇಲಿನ ದನಿಯ ಕಡ್ಡಿ ಮೇಲಕ್ಕೆ, ಕೆಳಗಿನ ದನಿಯದು ಕೆಳಕ್ಕೆ. ಇಬ್ಬರೂ ಒಂದೇ ಸ್ವರಕ್ಕೆ ಬಂದು ಕೂತರೆ ಒಂದೇ ಗುಂಡಿಗೆ ಎರಡು ಕಡ್ಡಿ. ಸರಿಗಮದ ಒಂಟಿ ಸಾಲು ಓದಿ ಬೆಳೆದ ನಮಗೆ ಇದು ಸ್ವಲ್ಪ ಗದ್ದಲವೆನಿಸಬಹುದು. ಆದರೆ ಕಣ್ಣಿದ್ದವರಿಗೆ ಅರ್ಥವಾಗುವ ಗದ್ದಲ.

ಬಾಖ್ 1720ರಲ್ಲಿ ತನ್ನ ಕೈಯಾರೆ ಪ್ರತಿ ಮಾಡಿಟ್ಟ ಒಂಟಿ ಪಿಟೀಲಿನ ಸೊನಾಟಾಗಳನ್ನು ನೋಡಿ. ಒಂದು ಪಿಟೀಲು, ಒಂದು ಸ್ಟಾಫ್. ಅದರ ಮೇಲೆ ಫ್ಯೂಗ್. ದನಿಗಳು ಬರುತ್ತವೆ, ಒಂದಿಷ್ಟು ವಾದ ಮಾಡುತ್ತವೆ, ಹೇಳುವುದು ಮುಗಿದರೆ ಎದ್ದು ಹೋಗುತ್ತವೆ. ಈ ಬಾರ್‌ನಲ್ಲಿ, ಅಂದರೆ ತಾಳದ ಈ ಖಂಡದಲ್ಲಿ, ಮೂರು, ಮುಂದಿನದರಲ್ಲಿ ಒಂದೇ, ಆಮೇಲೆ ನಾಲ್ಕು. ಎದ್ದು ಹೋದವರು ಎಲ್ಲಿಗೆ ಹೋದರು ಎಂದು ಬಾಖ್ ವಿಚಾರಣೆ ನಡೆಸುವುದಿಲ್ಲ. 1747ರ ‘ಮ್ಯೂಸಿಕಲ್ ಆಫರಿಂಗ್’ನಲ್ಲಂತೂ ಆರು ದನಿಗಳ ಒಂದು ರಿಚರ್ಕಾರ್ ಇದೆ. ಅಚ್ಚಿನಲ್ಲಿ ಆರಕ್ಕೆ ಆರು ಸ್ಟಾಫ್ ಬಂದವು. ಅವನ ಹಸ್ತಪ್ರತಿಯಲ್ಲಿ ಆ ಆರೂ ಎರಡೇ ಸ್ಟಾಫುಗಳಲ್ಲಿ ಸುಖವಾಗಿವೆ. ಪಾಪ, ಅವನಿಗೆ ಡ್ರಾಪ್‌ಡೌನ್ ಮೆನು ಇರಲಿಲ್ಲ.

ನಮಗಿದೆ, ಸಂಗೀತ ಬರೆಯುವ ತಂತ್ರಾಂಶಗಳಲ್ಲಿ. ಸಿಬೇಲಿಯಸ್‌ನಲ್ಲಿ, ಮ್ಯೂಸ್‌ಸ್ಕೋರ್‌ನಲ್ಲಿ ಒಂದು ಸ್ಟಾಫಿಗೆ ನಾಲ್ಕು ವಾಯ್ಸ್, ಅಂದರೆ ದನಿ, ಮಂಜೂರಾಗಿವೆ. ಪ್ರತಿಯೊಂದಕ್ಕೂ ಬಣ್ಣದ ಗುರುತು: ಒಂದನೆಯದು ನೀಲಿ, ಎರಡನೆಯದು ಹಸಿರು, ಮೂರನೆಯದು ಕಿತ್ತಳೆ. ಐದನೇ ದನಿ ಬಂದರೆ? ಹುದ್ದೆ ಖಾಲಿ ಇಲ್ಲ. ಎರಡನೇ ವಾಯ್ಸಿನಲ್ಲಿ ಬಾರ್‌ನ ನಡುವೆ ಒಂದೇ ಒಂದು ಸ್ವರ ಹಾಕಿ ನೋಡಿ. ಅದರ ಹಿಂದೆ ಮುಂದೆ ರೆಸ್ಟುಗಳು ಸಾಲಾಗಿ ಬಂದು ನಿಲ್ಲುತ್ತವೆ. ಸ್ವರ ಒಂದು, ಅದು ಯಾಕೆ ಮೊದಲೇ ಬರಲಿಲ್ಲ, ಆಮೇಲೆ ಯಾಕೆ ಉಳಿಯಲಿಲ್ಲ ಎಂಬುದಕ್ಕೆ ಸಮಜಾಯಿಷಿ ಮೂರು. ಒಂದನೇ ವಾಯ್ಸಿನ ರೆಸ್ಟ್ ಮೇಲಕ್ಕೆ ಒತ್ತಿಕೊಳ್ಳುತ್ತದೆ, ಎರಡನೆಯದರದ್ದು ಕೆಳಕ್ಕೆ ಜಾರುತ್ತದೆ, ನಡುವೆ ಎಲ್ಲೋ ಸಂಗೀತ ತಲೆ ತಗ್ಗಿಸಿ ಕೂತಿರುತ್ತದೆ.

ಸರಿ, ಬೇಡದ ರೆಸ್ಟ್ ಅಳಿಸೋಣ ಎಂದರೆ ಅಲ್ಲೂ ದರ್ಜೆ. ಮ್ಯೂಸ್‌ಸ್ಕೋರ್‌ನಲ್ಲಿ ಎರಡು, ಮೂರು, ನಾಲ್ಕನೇ ವಾಯ್ಸುಗಳ ರೆಸ್ಟನ್ನು ಅಳಿಸಬಹುದು. ಅವು ಗುತ್ತಿಗೆ ನೌಕರರು. ಒಂದನೇ ವಾಯ್ಸಿನದನ್ನು ಮುಟ್ಟುವಂತಿಲ್ಲ, ಅದು ಕಾಯಂ. ಬೇಕಾದರೆ ಕಾಣದಂತೆ ಮರೆಮಾಡಬಹುದು, ಅಷ್ಟೆ. ಮರೆಮಾಡಿದ ಮೇಲೂ ಪರದೆಯ ಮೇಲೆ ಬೂದು ಬಣ್ಣದಲ್ಲಿ ನಿಂತು ನಮ್ಮನ್ನೇ ನೋಡುತ್ತಿರುತ್ತದೆ. ಸಂಬಳ ಬರುತ್ತದೆ, ಕೆಲಸ ಮಾಡುವುದಿಲ್ಲ, ತೆಗೆದುಹಾಕಲು ಸಾಧ್ಯವಿಲ್ಲ. ತಂತ್ರಾಂಶ ಬರೆದವರು ವಿಧಾನಸೌಧ ನೋಡಿರಲಿಕ್ಕಿಲ್ಲ. ಪ್ರತಿಭೆ ಎನ್ನುವುದು ಹಾಗೆ, ನೋಡದೆಯೂ ಒಲಿಯುತ್ತದೆ.

2016ರಲ್ಲಿ ಡೋರಿಕೊ ಎಂಬ ಹೊಸ ತಂತ್ರಾಂಶ ಬಂತು. ಇದು ಸುಧಾರಣಾವಾದಿ ಸರ್ಕಾರ. ನಾಲ್ಕರ ಮಿತಿ ರದ್ದು. ಎಷ್ಟು ದನಿ ಬೇಕೋ ಅಷ್ಟು ಇಟ್ಟುಕೊಳ್ಳಿ. ರೆಸ್ಟಿನ ಕಾಟಕ್ಕೂ ಪರಿಹಾರವುಂಟು: ಈ ದನಿ ಈ ಸ್ವರದಿಂದ ಆರಂಭ, ಈ ಸ್ವರಕ್ಕೆ ಮುಕ್ತಾಯ ಎಂದು ನಮೂದಿಸಿದರೆ ಆಚೀಚೆಯ ರೆಸ್ಟುಗಳು ಮಾಯವಾಗುತ್ತವೆ. ಅಂದರೆ ಹಾಜರಾತಿ ಪುಸ್ತಕದ ಬದಲು ಕರ್ತವ್ಯಕ್ಕೆ ವರದಿ ಮಾಡಿಕೊಂಡ ಪತ್ರ ಮತ್ತು ಬಿಡುಗಡೆ ಆದೇಶ. ಡಚ್ಚರಿಬ್ಬರು 1996ರಲ್ಲಿ ಆರಂಭಿಸಿದ ಲಿಲಿಪಾಂಡ್ ಇನ್ನೂ ಜಾಣತನದ್ದು. ಅಲ್ಲಿ ‘ಎಸ್’ ಎಂದು ಟೈಪ್ ಮಾಡಿದರೆ ಹೊತ್ತು ಕಳೆಯುತ್ತದೆ, ಕಾಗದದ ಮೇಲೆ ಗುರುತೇ ಬೀಳುವುದಿಲ್ಲ. ಅನ್ಯ ಕರ್ತವ್ಯದ ನಿಮಿತ್ತ ಎಂಬ ಷರಾ. ದನಿಗಳು ಒಂದರ ಮೇಲೊಂದು ಬಿದ್ದು ಲಿಲಿಪಾಂಡ್ ತಾನೇ ಕಂಗಾಲಾದಾಗ, ಡಿಕ್ಕಿ ಹೊಡೆಯುತ್ತಿರುವ ಸ್ವರಗಳು ಅತಿಯಾದವು, ಕಡೆಗಣಿಸುತ್ತಿದ್ದೇನೆ ಎಂಬರ್ಥದ ಎಚ್ಚರಿಕೆ ಕೊಟ್ಟು ಮುಂದೆ ಹೋಗುತ್ತದೆ. ಕಡೆಗಣಿಸುತ್ತಿದ್ದೇನೆ ಎಂದು ಬಾಯಿಬಿಟ್ಟು ಹೇಳುವ ಆಡಳಿತವನ್ನು ಮೆಚ್ಚದಿರಲು ಆಗುವುದಿಲ್ಲ.

ಡಿಕ್ಕಿಯ ಕಾನೂನು ಕೇಳಲು ಚೆಂದ. ಸೊಪ್ರಾನೊಗೆ ಎರಡು ಮಾತ್ರೆಯ ಸ್ವರ, ಆಲ್ಟೊಗೆ ಅದೇ ಸ್ವರ ಒಂದು ಮಾತ್ರೆ. ಮೊದಲನೆಯದರ ಗುಂಡು ಟೊಳ್ಳು, ಎರಡನೆಯದರದ್ದು ತುಂಬಿದ್ದು. ಆದ್ದರಿಂದ ಒಂದೇ ಆಸನ ಹಂಚಿಕೊಳ್ಳುವಂತಿಲ್ಲ, ಪಕ್ಕಪಕ್ಕ ಕೂರಬೇಕು. ಗಿಟಾರಿನವರು ಇದನ್ನು ಮುರಿಯುತ್ತಾರೆ. ಅದಕ್ಕೆ ಪ್ರತ್ಯೇಕ ಟಿಕ್‌ಬಾಕ್ಸ್.

ಇಷ್ಟು ಮಾಡಿ ಪ್ಲೇಬ್ಯಾಕ್ ಒತ್ತಿ. ಹಿಂದೆ ಕೆಲಸ ಮಾಡುವುದು ಬಹುಪಾಲು 1983ರ ಮಿಡಿ ಎಂಬ ಸಂಕೇತ ವ್ಯವಸ್ಥೆ. ಒಂದೇ ಚಾನೆಲ್‌ನಲ್ಲಿ ಒಂದೇ ಸ್ವರವನ್ನು ಇಬ್ಬರು ಹಿಡಿದಿದ್ದರೆ, ಆಲ್ಟೊ ತನ್ನದನ್ನು ಬಿಟ್ಟಾಗ ಎಷ್ಟೋ ಸಲ ಸೊಪ್ರಾನೊಳ ಬಾಯಿಯೂ ಮುಚ್ಚುತ್ತದೆ. ಬರೆಯುವಾಗ ಇಬ್ಬರ ಮೌನಕ್ಕೂ ಪ್ರತ್ಯೇಕ ಲೆಕ್ಕ ಕೊಟ್ಟದ್ದು ನಾವೇ. ನುಡಿಸುವಾಗ ಯಂತ್ರಕ್ಕೆ ಅಲ್ಲಿ ಇಬ್ಬರಿದ್ದಾರೆ ಎಂಬುದೇ ನೆನಪಿಲ್ಲ.

ದನಿಗಳ ಈ ಗದ್ದಲದಲ್ಲಿ ಮೈಸೂರಿನ ಪಾಲೂ ಇದೆ. 1940ರ ದಶಕದ ಕೊನೆಯಲ್ಲಿ ಜಯಚಾಮರಾಜ ಒಡೆಯರ್ ಲಂಡನ್ನಿನಲ್ಲಿದ್ದ ರಷ್ಯನ್ ಸಂಯೋಜಕ ಮೆಟ್ನರನ ಕೃತಿಗಳನ್ನು ಧ್ವನಿಮುದ್ರಿಸಲು ಹಣ ಕೊಟ್ಟರು. ಅವನು ತನ್ನ ಮೂರನೇ ಪಿಯಾನೊ ಕನ್ಸರ್ಟೊವನ್ನು ಮಹಾರಾಜರಿಗೇ ಅರ್ಪಿಸಿದ. ಮೆಟ್ನರನ ಪಿಯಾನೊ ಪುಟಗಳಲ್ಲಿ ದನಿಯೊಳಗೆ ದನಿ ಹೆಣೆದುಕೊಂಡಿರುತ್ತದೆ. ಕೆಳಗಿನ ಸ್ಟಾಫಿನಲ್ಲಿ ಹುಟ್ಟಿದ್ದು ಮೇಲಿನದಕ್ಕೆ ಹತ್ತುತ್ತದೆ. ಅದನ್ನು ಕಂಪ್ಯೂಟರಿಗೆ ಊಡಿಸಲು ಕೂತವರು ಮಹಾರಾಜರ ಔದಾರ್ಯವನ್ನು ಯಾವ ಮಾತಿನಲ್ಲಿ ನೆನೆಯುತ್ತಾರೋ, ಇಲ್ಲಿ ಬರೆಯುವಂತಿಲ್ಲ.

ಆರ್ಕೆಸ್ಟ್ರಾದವರ ಪಾಡು ಬೇರೆ. ಕಂಡಕ್ಟರನಿಗೆ ಒಂದನೇ, ಎರಡನೇ ಹಾರ್ನ್ ಒಂದೇ ಸ್ಟಾಫಿನಲ್ಲಿ ಬೇಕು, ಇಲ್ಲದಿದ್ದರೆ ಪುಟ ಸಾಲದು. ವಾದಕರಿಗೆ ತಂತಮ್ಮ ಹಾಳೆ ಬೇರೆಯಾಗಿ ಬೇಕು, ಇಲ್ಲದಿದ್ದರೆ ಜಗಳ. 2019ರಲ್ಲಿ ಡೋರಿಕೊ 3 ಇದಕ್ಕೊಂದು ಉತ್ತರ ತಂದಿತು: ಮೊದಲು ಎಲ್ಲರನ್ನೂ ಬೇರೆ ಬೇರೆ ಸ್ಟಾಫಿನಲ್ಲಿ ಬರೆಯಿರಿ, ಒಂದರಲ್ಲಿ ಸೇರಿಸಿ ತೋರಿಸುವುದು ನಮಗಿರಲಿ. ಕೆಲಸವೇನೋ ಸೊಗಸು. ಒಂದು ಸ್ಟಾಫಿನಲ್ಲಿ ಹಲವು ದನಿಗಳನ್ನು ನಿಭಾಯಿಸಲು ಮೂವತ್ತು ವರ್ಷ ಹೆಣಗಿದ ಉದ್ಯಮ, ಕೊನೆಗೆ ಬರೆಯುವವರಿಗೆ ಕೊಟ್ಟ ಸಲಹೆ: ಒಂದೇ ಸ್ಟಾಫಿನಲ್ಲಿ ಬರೆಯಬೇಡಿ.

ಈ ಎಲ್ಲ ಕಚೇರಿಗಳಿಗೆ ಹಿರಿಯಣ್ಣನಂತಿದ್ದ ಫಿನಾಲೆ 1988ರಲ್ಲಿ ಹುಟ್ಟಿತ್ತು. ನಾಲ್ಕು ಲೇಯರ್, ಲೇಯರ್ ಒಂದಕ್ಕೆ ಎರಡು ವಾಯ್ಸ್, ಒಟ್ಟು ಎಂಟು ಹುದ್ದೆ. ಎಂಟನ್ನೂ ಭರ್ತಿ ಮಾಡಿದ ಧೀರರನ್ನು ನಾನಂತೂ ಕಂಡಿಲ್ಲ. 2024ರ ಆಗಸ್ಟ್‌ನಲ್ಲಿ ಕಂಪನಿ ಅದಕ್ಕೆ ಬೀಗ ಹಾಕಿ, ಬಳಕೆದಾರರಿಗೆ ಡೋರಿಕೊದ ದಾರಿ ತೋರಿಸಿತು. ಗಂಟುಮೂಟೆ ಕಟ್ಟಲು ಇರುವ ಸಾಧನ ಮ್ಯೂಸಿಕ್‌ಎಕ್ಸ್‌ಎಂಎಲ್ ಎಂಬ ಕಡತ. ಅದನ್ನು ಬಿಚ್ಚಿ ಓದಿದರೆ ತಮಾಷೆಯಾಗಿದೆ: ಒಂದನೇ ದನಿಯ ಒಂದು ಬಾರ್ ಪೂರ್ತಿ ಬರೆದು, ಕಾಲವನ್ನು ಅಷ್ಟೇ ಹಿಂದಕ್ಕೆ ತಿರುಗಿಸು ಎಂದು ಆಜ್ಞೆ ಕೊಟ್ಟು, ಎರಡನೇ ದನಿಯನ್ನು ಮೊದಲಿನಿಂದ ಬರೆಯಬೇಕು. ಅದೇ ಕಡತದಲ್ಲಿ ಇನ್ನೊಂದು ಆಜ್ಞೆಯೂ ಇದೆ: ಹೇಳಲು ಏನೂ ಇಲ್ಲದ ದನಿ ರೆಸ್ಟ್ ಬರೆಯದೆಯೇ ಮುಂದಕ್ಕೆ ಹೋಗಬಹುದು. ಯಾರೂ ಕಣ್ಣೆತ್ತಿ ನೋಡದ ಆ ಕಡತದೊಳಗೆ ಸುಮ್ಮನಿರುವುದಕ್ಕೆ ಅಪ್ಪಣೆ ಬೇಕಿಲ್ಲ. ಅದನ್ನು ಮ್ಯೂಸ್‌ಸ್ಕೋರ್‌ನಲ್ಲಿ ತೆರೆದು ನೋಡಿ. ಒಂದನೇ ವಾಯ್ಸಿನಲ್ಲಿ ಖಾಲಿ ಜಾಗ ಕಂಡದ್ದೇ ತಡ, ತಂತ್ರಾಂಶ ರೆಸ್ಟ್ ತಂದು ತುಂಬಿ, ಹಾಜರಿ ಸರಿಪಡಿಸಿಯೇ ನಿಮ್ಮ ಮುಂದಿಡುತ್ತದೆ.