ಗುಬ್ಬಿ ಕುಲನಾಮದ ಉಗಮ ಮತ್ತು ವ್ಯಾಪ್ತಿ: ಸ್ವೀಡನ್ ಸಂಬಂಧದ ಬೆಳಕಿನಲ್ಲಿ ಒಂದು ಮಹಾಶೋಧ

ತುಮಕೂರು ಜಿಲ್ಲೆಯ ಗುಬ್ಬಿ ಪಟ್ಟಣದಲ್ಲಿ ನಿಂತು ಗುಬ್ಬಿ ಎಂಬ ಅಡ್ಡಹೆಸರಿನವರನ್ನು ಹುಡುಕುವುದು ದಂಡ. ಈ ಆಘಾತಕಾರಿ ಸಂಗತಿಯನ್ನು ನಮ್ಮ ವಿದ್ವತ್ ಲೋಕ ಗಮನಿಸದೆ, ಶಾಸನ, ಛಂದಸ್ಸು, ಗ್ರಂಥಸಂಪಾದನೆ ಎಂದು ಕಾಲಹರಣ ಮಾಡುತ್ತ ಬಂದಿರುವುದು ವಿಷಾದನೀಯ. ಪ್ರಸ್ತುತ ಪ್ರಬಂಧ ಆ ಕೊರತೆಯನ್ನು ತುಂಬುವ ವಿನಮ್ರ, ಆದರೆ ಅಂತಿಮ ಪ್ರಯತ್ನ. ಇಷ್ಟು ಪುಟ್ಟ ವಿಷಯಕ್ಕೆ ಇಷ್ಟೊಂದು ಸಿದ್ಧತೆಯೇ, ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರವೇ ಎಂದು ಮೂಗು ಮುರಿಯುವವರಿದ್ದಾರೆ. ಬ್ರಹ್ಮಾಸ್ತ್ರವೊಂದೇ ಕೈಯಲ್ಲಿದ್ದು ಎದುರಿಗೆ ಗುಬ್ಬಿಯೊಂದೇ ಇದ್ದರೆ ಸಂಶೋಧಕನಾದವನು ಏನು ಮಾಡಬೇಕೆಂದು ಅವರೇ ಹೇಳಲಿ.

ಕುಲನಾಮಗಳ ವಿಚಾರಕ್ಕೆ ಕೈ ಹಾಕುವವರು ಮೊದಲು ಸ್ವೀಡನ್ ದೇಶಕ್ಕೆ ಕೈ ಮುಗಿಯಬೇಕು. ವಿರಳ ಕುಲನಾಮಗಳಿಗೆ ಕಾನೂನಿನ ಬೇಲಿ ಹಾಕಿಸಿದ ಜನ ಅವರು. ಅಲ್ಲಿ 2017ರ ಜುಲೈ 1ರಂದು ಜಾರಿಗೆ ಬಂದ ಕಾಯ್ದೆಯ ಪ್ರಕಾರ, 2000 ಅಥವಾ ಅದಕ್ಕಿಂತ ಹೆಚ್ಚು ಜನರಿಗಿರುವ ಕುಲನಾಮವನ್ನು ಯಾರು ಬೇಕಾದರೂ ತಮ್ಮದಾಗಿ ಮಾಡಿಕೊಳ್ಳಬಹುದು. ಅದಕ್ಕಿಂತ ವಿರಳವಾದದ್ದನ್ನು ದಾರಿಹೋಕರು ಮುಟ್ಟುವಂತಿಲ್ಲ. ಹಿಂದೆ ಅವರ ಸ್ಥಿತಿಯೂ ನಮ್ಮದೇ ಆಗಿತ್ತು. ಆಂಡರ್ಸ್‌ನ ಮಗ ಆಂಡರ್ಸ್‌ಸನ್, ಮಗಳು ಆಂಡರ್ಸ್‌ಡಾಟರ್, ಮುಗಿಯಿತು. ದಂಡಿಗೆ ಸೇರಿದ ಹುಡುಗರು ಒಂದೇ ಹೆಸರಿನಲ್ಲಿ ಸಾಲುಗಟ್ಟಿ ನಿಂತಾಗ ಹಾಜರಿ ಕೂಗುವವನಿಗೆ ತಲೆಕೆಟ್ಟು, ಒಬ್ಬನಿಗೆ ರಾಸ್ಕ್ ಅಂದರೆ ಚುರುಕಿನವ, ಇನ್ನೊಬ್ಬನಿಗೆ ಮೂಡಿಗ್ ಅಂದರೆ ಧೈರ್ಯವಂತ ಎಂದು ಹೊಸ ಹೆಸರು ಕೊಟ್ಟರು. ಎಷ್ಟೋ ಕಡೆ ಆ ಹೆಸರು ಸಿಪಾಯಿಗಿಂತ ಅವನಿಗೆ ಕೊಟ್ಟ ಮನೆ-ಹೊಲಕ್ಕೇ ಅಂಟಿಕೊಂಡಿತು. ಇವನು ಹೋಗಿ ಅವನು ಬಂದರೆ ಅವನಿಗೂ ಅದೇ ಹೆಸರು. ತುಮಕೂರಿನ ಯಾವ ಹೈಸ್ಕೂಲಿನ ಮೇಷ್ಟ್ರೂ ಈ ಪದ್ಧತಿಯನ್ನು ಕಂಡರೆ ಬೆಚ್ಚುವುದಿಲ್ಲ. ಒಂದೇ ತರಗತಿಯಲ್ಲಿ ಮಂಜುನಾಥ ಜಿ., ಮಂಜುನಾಥ ಕೆ., ಮಂಜುನಾಥ ಟಿ. ಎಂದು ಕೂಗಿ ಪಳಗಿದವರು ಅವರು. ಟಿ ಅಂದರೆ ಊರು ತುಮಕೂರೋ ಅಪ್ಪ ತಿಮ್ಮಯ್ಯನೋ ಎಂಬುದು ಎಸ್ಸೆಸ್ಸೆಲ್ಸಿ ಅರ್ಜಿ ತುಂಬುವವರೆಗೆ ಆ ಮಂಜುನಾಥನಿಗೂ ಗೊತ್ತಿರುವುದಿಲ್ಲ.

ಇನ್ನು ನಿಷ್ಪತ್ತಿ. ಈ ವಿಷಯದಲ್ಲಿ ವಿದ್ವಾಂಸರು ಹಲವು ಪಂಥಗಳಾಗಿ ಒಡೆದಿದ್ದಾರೆ. ಎಲ್ಲ ಪಂಥಗಳಲ್ಲಿಯೂ ಇರುವವನು ಪ್ರಸ್ತುತ ಲೇಖಕನೊಬ್ಬನೇ. ಮೊದಲನೆಯದು ಪಕ್ಷಿಪಂಥ. ಇವರಿಗೆ ಊರಿನ ಐತಿಹ್ಯವೇ ಪ್ರಮಾಣ: ದೇವಸ್ಥಾನದಲ್ಲಿ ಪುರಾಣ ನಡೆಯುವಾಗ ಜೋಡಿ ಗುಬ್ಬಚ್ಚಿಗಳು ದಿನವೂ ಬಂದು ಕೇಳಿ, ಮಂಗಳದ ದಿನ ಅಲ್ಲಿಯೇ ಪ್ರಾಣ ಬಿಟ್ಟವಂತೆ, ಅದರಿಂದ ಊರಿಗೆ ಗುಬ್ಬಿ ಎಂದು ಹೆಸರಾಯಿತಂತೆ. ಪುರಾಣವನ್ನು ಕೊನೆಯವರೆಗೂ ಕೂತು ಕೇಳಿದ ಶ್ರೋತೃಗಳ ನೆನಪಿಗೆ ಒಂದು ಊರನ್ನೇ ಮೀಸಲಿಟ್ಟದ್ದು ನ್ಯಾಯವಾಗಿಯೇ ಇದೆ. 2023ರ ಫೆಬ್ರವರಿ 6ರಂದು ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾದ ಮೇಲಂತೂ ಪಕ್ಷಿಪಂಥದವರನ್ನು ಹಿಡಿಯುವವರಿಲ್ಲ. 615 ಎಕರೆ ಜಾಗ ಇನ್ನೆಲ್ಲೂ ಸಿಗದೆ ಗುಬ್ಬಿಯಲ್ಲೇ ಏಕೆ ಸಿಕ್ಕಿತು ಎಂಬುದು ಅವರ ಪ್ರಶ್ನೆ. ಕಂದಾಯ ಇಲಾಖೆಯ ಉತ್ತರ ಬೇರೆಯೇ ಇರಬಹುದು, ಆದರೆ ಪ್ರಬಂಧ ನಮ್ಮದು.

ಎರಡನೆಯದು ಸ್ವೀಡಿಶ್ ಪಂಥ. ಆ ಭಾಷೆಯಲ್ಲಿ ‘ಗುಬ್ಬೆ’ ಎಂದರೆ ಮುದುಕ. ಈ ಸಾಕ್ಷ್ಯ ಎಷ್ಟು ಬಲವಾಗಿದೆಯೆಂದರೆ ಇದನ್ನು ತಕ್ಷಣ ತಳ್ಳಿಹಾಕಬೇಕಾಗಿದೆ. ಗುಬ್ಬಿ ಪೇಟೆಯಲ್ಲಿ ಯಾರನ್ನು ವಿಚಾರಿಸಿದರೂ ಮುದುಕರು ಪಕ್ಕದ ಬೀದಿಯವರು ಎಂದೇ ಹೇಳುತ್ತಾರೆ. ಕುಣಿಗಲ್ ಎಂದರೆ ಶಿವ ಕುಣಿದ ಕಲ್ಲು, ತುಮಕೂರು ಎಂದರೆ ತುಂಬೆಯ ಊರು, ಅಲ್ಲ, ತಮಟೆಯ ಊರು ಎಂಬ ಜಗಳಗಳೂ ಇವೆ. ತಮಟೆ ಬಡಿದದ್ದಕ್ಕೆ ಕುಣಿದರೋ ಕುಣಿದದ್ದಕ್ಕೆ ತಮಟೆ ಬಡಿದರೋ ಎಂದು ಎರಡು ತಾಲ್ಲೂಕುಗಳವರು ಕೂತು ತೀರ್ಮಾನಿಸಿಕೊಳ್ಳಲಿ.

ಈಗ ಮುಖ್ಯ ಸಿದ್ಧಾಂತಕ್ಕೆ ಬರೋಣ. ಇದನ್ನು ‘ಊರು ಬಿಟ್ಟ ಮೇಲೆ ಊರು ಅಂಟುವ ನಿಯಮ’ ಎಂದು ಕರೆಯಬಹುದು. ಗುಬ್ಬಿಯೊಳಗೆ ಇರುವವನು ಮೂಲೆಮನೆಯವನು, ಮೇಷ್ಟ್ರ ಮಗ, ರೈಸ್‌ಮಿಲ್ಲಿನವನು. ಸುಮಾರು 20 ಕಿಲೋಮೀಟರು ನಡೆದು ತುಮಕೂರಿಗೆ ಬಂದನೋ, ಗುಬ್ಬಿಯವನು. ಬೆಂಗಳೂರಿಗೆ ಹೋದರೆ ತುಮಕೂರು ಕಡೆಯವನು, ದೆಹಲಿಗೆ ಹೋದರೆ ಬೆಂಗಳೂರಿನವನು, ಸ್ಟಾಕ್‌ಹೋಮಿಗೆ ಹೋದರೆ ಇಂಡಿಯಾದವನು. ಅಂದರೆ ಗುಬ್ಬಿ ಎಂಬ ಕುಲನಾಮ ಸಹಜವಾಗಿ ಬದುಕುವುದು ಊರ ಗಡಿಯಿಂದಾಚೆಗೆ, ತುಮಕೂರು ದಾಟಿ ಸ್ವಲ್ಪ ದೂರದವರೆಗೆ ಮಾತ್ರ. ಆ ಪಟ್ಟಿಯಿಂದ ಅದನ್ನು ಹೊರಗೆ ಎಳೆದುಕೊಂಡು ಹೋಗುವುದಕ್ಕೆ ಅಸಾಮಾನ್ಯರೇ ಬೇಕು. ತುಮಕೂರು ನಗರದಲ್ಲಿ ಗುಬ್ಬಿ ಗೇಟ್ ಎಂಬ ಬಡಾವಣೆ ಇರುವುದನ್ನೂ ಗುಬ್ಬಿಯಲ್ಲಿ ಅಂಥದ್ದೊಂದು ಇಲ್ಲದಿರುವುದನ್ನೂ ಓದುಗರು ಗಮನಿಸಬೇಕು. ಹೊರಗೆ ಹೋಗುವ ದಾರಿಗೇ ಹೆಸರು ಬೇಕಾಗುವುದು.

ಅಂಥ ಅಸಾಮಾನ್ಯರಲ್ಲಿ ಮೊದಲಿಗೆ ತೋಟದಪ್ಪನವರು. 1838ರಲ್ಲಿ ಗುಬ್ಬಿಯಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ವ್ಯಾಪಾರ ಮಾಡಿ, ಗಳಿಸಿದ್ದನ್ನು ರೈಲ್ವೆ ನಿಲ್ದಾಣದ ಎದುರಿನ ಛತ್ರಕ್ಕೆ ಸುರಿದವರು. ರೈಲಿಳಿದು ದಿಕ್ಕು ತೋಚದೆ ನಿಂತ ಲಕ್ಷಾಂತರ ಜನ ಮೊದಲು ಓದಿದ ಬೋರ್ಡು ‘ಗುಬ್ಬಿ ತೋಟದಪ್ಪ’. ಗುಬ್ಬಿ ಎಲ್ಲಿದೆ ಎಂದು ಗೊತ್ತಿಲ್ಲದವರೂ ಗುಬ್ಬಿಯಲ್ಲಿ ಮಲಗೆದ್ದು ಮುಖ ತೊಳೆದು ಹೋಗಿದ್ದಾರೆ. ಎರಡನೆಯವರು ಗುಬ್ಬಿ ಹಂಪಣ್ಣ ವೀರಣ್ಣ. 1884ರಲ್ಲಿ ಹುಟ್ಟಿದ ನಾಟಕ ಕಂಪನಿಗೆ ಬಾಲಕನಾಗಿ ಸೇರಿ ಮುಂದೆ ಅದರ ಯಜಮಾನರೇ ಆದರು. ಕಂಪನಿಯ ನಿಜವಾದ ಹೆಸರಿನಲ್ಲಿ ಚನ್ನಬಸವೇಶ್ವರನಿದ್ದ. ಜನ ದೇವರನ್ನು ಒಳಗೆ ಬಿಟ್ಟು ‘ಗುಬ್ಬಿ ಕಂಪನಿ’ ಎಂದರು. ಕಂಪನಿ ಊರೂರು ತಿರುಗಿದಷ್ಟು ನಿಯಮ ತನ್ನ ಕೆಲಸ ಮಾಡಿತು. ಕುರುಕ್ಷೇತ್ರ ನಾಟಕದಲ್ಲಿ ರಂಗದ ಮೇಲೆ ನಿಜವಾದ ಆನೆ ಕುದುರೆಗಳನ್ನೇ ತಂದದ್ದು ಗುಬ್ಬಿ ಎಂಬ ಹೆಸರಿಟ್ಟುಕೊಂಡ ಕಂಪನಿ. ಪಕ್ಷಿಪಂಥಕ್ಕೆ ಇದರಿಂದ ಆದ ಮುಜುಗರ ಅಷ್ಟಿಷ್ಟಲ್ಲ. ಇತ್ತೀಚಿನ ಮಾದರಿಯಾಗಿ ಚಿರತೆಗಳನ್ನು ಅಧ್ಯಯನ ಮಾಡುವ ವನ್ಯಜೀವಿ ವಿಜ್ಞಾನಿ ಸಂಜಯ್ ಗುಬ್ಬಿಯವರಿದ್ದಾರೆ. ಇಲ್ಲಿ ಗುಬ್ಬಿ ಹೆಸರಿನ ಹಿಂದಕ್ಕೆ ಹಾರಿ ಕೂತಿದೆ. ನಾಟಕದ ಕಾಲದಲ್ಲಿ ಮುಂದೆ, ಪಾಸ್‌ಪೋರ್ಟ್ ಕಾಲದಲ್ಲಿ ಹಿಂದೆ ಎಂಬ ಉಪನಿಯಮವನ್ನು ಇದರಿಂದ ಧಾರಾಳವಾಗಿ ಹೊರಡಿಸಬಹುದು.

ನಿಯಮ ಗುಬ್ಬಿಗಷ್ಟೇ ಸೀಮಿತವಲ್ಲ. ವಿಶ್ವೇಶ್ವರಯ್ಯನವರು ಹುಟ್ಟಿದ್ದು ಮುದ್ದೇನಹಳ್ಳಿಯಲ್ಲಿ. ಹೆಸರಿನ ಮೋಕ್ಷಗುಂಡಂ ಅವರ ಹಿರೀಕರು ಎಂದೋ ಬಿಟ್ಟುಬಂದ ಆಂಧ್ರದ ಊರು. ಬಿಟ್ಟದ್ದು ಹಳೆಯದಾದಷ್ಟು ಹಿಡಿತ ಗಟ್ಟಿ.

ಇನ್ನು ಈ ಪ್ರಬಂಧದ ಮಹಾಸ್ಫೋಟ. 17ನೇ ಶತಮಾನದ ಸ್ವೀಡನ್ನಿನಲ್ಲಿ ನಿಲ್ಸ್ ಇಂಗೆಮಾರ್ಸನ್ ಎಂಬ ಹುಡುಗ ಲುಂಡ್ ವಿಶ್ವವಿದ್ಯಾಲಯಕ್ಕೆ ಸೇರಲು ಹೋದ. ಇಂಗೆಮಾರನ ಮಗ ಎಂಬುದಷ್ಟೇ ಸಾಲದೆ ದಾಖಲಾತಿಗೆ ಕುಲನಾಮ ಬೇಕಾಯಿತು. ಮನೆತನದ ಜಮೀನಿನಲ್ಲಿದ್ದ ಲಿಂಡ್ ಮರವನ್ನು ನೆನೆದುಕೊಂಡು ಲಿನ್ನೇಯಸ್ ಎಂದು ಬರೆಸಿದ. ಮರ ಊರಲ್ಲೇ ಉಳಿಯಿತು, ಹೆಸರು ಹುಡುಗನ ಜೊತೆ ಹೋಯಿತು. ನಮ್ಮ ನಿಯಮಕ್ಕೆ ಇದಕ್ಕಿಂತ ಶುದ್ಧ ಉದಾಹರಣೆ ಹುಣಸೆಮರ, ಮೆಣಸಿನಕಾಯಿ, ಉಳ್ಳಾಗಡ್ಡಿಗಳನ್ನೆಲ್ಲ ಅಡ್ಡಹೆಸರು ಮಾಡಿಕೊಂಡ ಉತ್ತರ ಕರ್ನಾಟಕದಲ್ಲೂ ಸಿಗಲಾರದು. ಆ ನಿಲ್ಸ್‌ನ ಮಗನೇ ಕಾರ್ಲ್ ಲಿನ್ನೇಯಸ್. ಅಪ್ಪ ಒಂದು ಹೆಸರಿಗೆ ಪಟ್ಟ ಪಾಡನ್ನು ಮನೆಯಲ್ಲಿ ಕೇಳಿ ಬೆಳೆದದ್ದಕ್ಕೋ ಏನೋ, ಈತ ಲೋಕದ ಸಕಲ ಗಿಡ ಮರ ಪ್ರಾಣಿ ಪಕ್ಷಿಗಳಿಗೂ ಎರಡೆರಡು ಪದದ ಹೆಸರು ಹಂಚುತ್ತ ಕೂತ. 1758ರಲ್ಲಿ ಅವನ ಕಣ್ಣು ಮನೆಯಂಗಳದ ಗುಬ್ಬಚ್ಚಿಯ ಮೇಲೆ ಬಿತ್ತು. ಫ್ರಿಂಜಿಲ್ಲಾ ಡೊಮೆಸ್ಟಿಕಾ ಎಂದು ಬರೆದುಕೊಂಡ. ಮುಂದೆ ವಿಜ್ಞಾನಿಗಳು ಅದರ ಮೊದಲ ಭಾಗವನ್ನು ತಿದ್ದಿ ಪ್ಯಾಸರ್ ಮಾಡಿದರು. ಹೀಗೆ ನಮ್ಮ ಗುಬ್ಬಿಗೆ ದಾಖಲೆ ಸಮೇತ ಕುಲನಾಮ ಕೊಟ್ಟವನು ಸ್ವೀಡನ್ನಿನವನು, ಅದೂ ಮರದ ಹೆಸರನ್ನು ಹೊತ್ತವನು. ಗುಬ್ಬಿ ಮರದ ಆಶ್ರಯ ಪಡೆಯುವುದು ಲೋಕಾರೂಢಿ.

ಲಿನ್ನೇಯಸ್‌ನ ಪದ್ಧತಿಯಲ್ಲಿ ಮೊದಲ ಪದ ಕುಲದ್ದು, ಎರಡನೆಯದು ಆ ಜೀವಿಯದು. ಗುಬ್ಬಿ ತೋಟದಪ್ಪ, ಗುಬ್ಬಿ ವೀರಣ್ಣ. ಕುಲ ಒಂದೇ, ಪ್ರಭೇದ ಬೇರೆ. ಒಂದು ಛತ್ರದಲ್ಲಿ ವಾಸಿಸುವುದು, ಇನ್ನೊಂದು ರಂಗಮಂಟಪದಲ್ಲಿ. ಇದು ಸ್ವೀಡನ್ನಿನಿಂದ ಬಂದದ್ದು ಎಂದು ಯಾರಾದರೂ ತರಾತುರಿಯಲ್ಲಿ ಹೇಳುವ ಮೊದಲು, 1513ರಲ್ಲಿ ಭಾವಚಿಂತಾರತ್ನ ಬರೆದ ಗುಬ್ಬಿ ಮಲ್ಲಣಾರ್ಯನನ್ನು ಮುಂದೆ ನಿಲ್ಲಿಸುತ್ತೇನೆ. 1758ರಲ್ಲಿ 1513ನ್ನು ಕಳೆದರೆ 245. ಅಷ್ಟು ವರ್ಷ ಮೊದಲೇ ಗುಬ್ಬಿಯಲ್ಲಿ ದ್ವಿಪದ ನಾಮಕರಣ ಬಳಕೆಯಲ್ಲಿತ್ತು; ಲಿನ್ನೇಯಸ್ ಅದನ್ನು ಎಲ್ಲಿ ಕೇಳಿಸಿಕೊಂಡ ಎಂಬುದಷ್ಟೇ ಉಳಿದ ಪ್ರಶ್ನೆ. ‘ಮಲ್ಲಣಾರ್ಯನಿಗೆ ಗುಬ್ಬಿಯನ್ನು ಅಂಟಿಸಿದವರು ಆಮೇಲಿನ ಸಾಹಿತ್ಯ ಚರಿತ್ರೆಕಾರರಲ್ಲವೇ?’ ಎಂದು ಹಿಂದಿನ ಬೆಂಚಿನಿಂದ ಯಾರೋ ಕೇಳಿದಂತಾಯಿತು. ಸಭಾಂಗಣದ ಮೈಕು ಸರಿಯಿಲ್ಲದ ಕಾರಣ ಆ ಆಕ್ಷೇಪವನ್ನು ಪರಿಶೀಲಿಸಲಾಗಲಿಲ್ಲ.

ಗಂಡಸರ ವಿಷಯ ಇಷ್ಟು ಸರಳ. ಹೆಂಗಸರ ಕಡೆ ನೋಡಿದರೆ ಸ್ವೀಡನ್ನಿನ ಕಾಯ್ದೆಯೇ ಕೈಚೆಲ್ಲುತ್ತದೆ. ಗುಬ್ಬಿಯಲ್ಲಿ ಹುಟ್ಟಿ ಕುಣಿಗಲ್ಲಿಗೆ ಮದುವೆಯಾಗಿ ಹೋದವಳನ್ನು ತೆಗೆದುಕೊಳ್ಳಿ. ಅತ್ತೆಮನೆಯಲ್ಲಿ ಅವಳು ‘ಗುಬ್ಬಿಯವಳು’. ಸಾರಿಗೆ ಹುಳಿ ಜಾಸ್ತಿಯಾದರೆ ‘ನಿಮ್ಮ ಗುಬ್ಬಿ ಕಡೆ ಹಿಂಗೇ ಏನೋ’. ಅದೇ ಹೆಣ್ಣುಮಗಳು ಹಬ್ಬಕ್ಕೆ ತವರಿಗೆ ಬಂದಳೋ, ಅಣ್ಣನ ಮಕ್ಕಳು ಬಾಗಿಲಿಗೆ ಓಡಿಬಂದು ‘ಕುಣಿಗಲ್ ಅತ್ತೆ ಬಂದ್ರು’ ಎನ್ನುತ್ತವೆ. ಒಬ್ಬಳೇ ವ್ಯಕ್ತಿ, ಒಂದೇ ಸೀರೆ, ಒಂದೇ ಕೈಚೀಲ. ದಾರಿಯಲ್ಲಿ ಬಸ್ಸು ಬದಲಾಯಿಸುವಾಗ ಕುಲನಾಮವೂ ಬದಲಾಗಿದೆ. ನಡುವೆ ತುಮಕೂರಿನ ಅಕ್ಕನ ಮನೆಯಲ್ಲಿ ಒಂದು ರಾತ್ರಿ ತಂಗಿದರೆ ಅಲ್ಲಿ ಅವಳಿಗೆ ಎರಡೂ ಹೆಸರು ಸಲ್ಲುತ್ತವೆ: ಅಕ್ಕನ ಮಕ್ಕಳಿಗೆ ಕುಣಿಗಲ್ ಚಿಕ್ಕಮ್ಮ, ಅಕ್ಕನ ಅತ್ತೆಗೆ ಗುಬ್ಬಿಯ ಬೀಗರ ಹುಡುಗಿ. ಅವಳು ಎಲ್ಲಿ ನಿಂತಿದ್ದಾಳೆ ಎಂಬುದನ್ನು ಅವಳ ಹೆಸರು ಎಂದೂ ಹೇಳುವುದಿಲ್ಲ, ಎಲ್ಲಿ ಇಲ್ಲ ಎಂಬುದನ್ನು ಮಾತ್ರ ಹೇಳುತ್ತದೆ. ಇಂಥವರ ಕುಲನಾಮದ ಜನಗಣತಿ ಮಾಡಬೇಕಾದರೆ ಗಣತಿದಾರ ಬಾಗಿಲಲ್ಲಿ ನಿಲ್ಲದೆ ಬಸ್ಸಿನಲ್ಲಿ ಕೂರಬೇಕು.

ಕುಣಿಗಲ್ಲಿನಲ್ಲಿ ಇದಕ್ಕೆ ವ್ಯತಿರಿಕ್ತವಾದ ಒಂದು ಸಮಾಜವಿದೆ. ಹೈದರ್-ಟಿಪ್ಪು ಕಾಲದ ದಂಡಿನ ಕುದುರೆಗಳ ನಂಟಿರುವ ಅಲ್ಲಿನ ಕುದುರೆ ಫಾರಂನ ನಿವಾಸಿಗಳ ಮಾತು ಹೇಳುತ್ತಿದ್ದೇನೆ. ಅಪ್ಪ ಯಾರು, ಅಮ್ಮ ಯಾರು, ತಾಯಿಯ ತಂದೆ ಯಾರು ಎಂದು ತಲೆಮಾರುಗಳ ವಂಶಾವಳಿ ರೇಸ್ ಕುದುರೆಗೆ ಅಚ್ಚಾಗಿರುತ್ತದೆ. ಬೇಲಿಯಾಚೆ ನಿಂತು ನೋಡುವವನಿಗೆ ಮುತ್ತಜ್ಜನ ಹೆಸರು ಕೇಳಿದರೆ ‘ತಡೀರಿ, ಅಮ್ಮನ್ನ ಕೇಳಿ ಹೇಳ್ತೀನಿ’ ಎನ್ನುತ್ತಾನೆ. ಕುದುರೆಯ ಹೆಸರು ಖಾಲಿ ಜಾಗವೂ ಸೇರಿ ಇಂಗ್ಲಿಷ್‌ನ 18 ಅಕ್ಷರ ಮೀರಬಾರದೆಂಬ ಅಂತರರಾಷ್ಟ್ರೀಯ ಕಟ್ಟಳೆಯೂ ಉಂಟು. ಕುಣಿಗಲ್ ಹನುಮಂತರಾಯಪ್ಪ ಎಂಬವರು ಯಾರೇ ಆಗಲಿ, ರೇಸಿಗೆ ಅನರ್ಹರು.

ತುಮಕೂರಿನವರ ಕಷ್ಟ ಬೇರೆ. 2014ರ ನವೆಂಬರ್ 1ರಂದು ಊರಿನ ಇಂಗ್ಲಿಷ್ ಹೆಸರು ಆರಕ್ಷರದಿಂದ ಎಂಟಕ್ಷರಕ್ಕೆ ಬೆಳೆಯಿತು. ಊರನ್ನು ಕುಲನಾಮ ಮಾಡಿಕೊಂಡವರು ಮಾತ್ರ ಪಾಸ್‌ಪೋರ್ಟಿನಲ್ಲಿ ಆರಕ್ಕೇ ನಿಂತಿದ್ದಾರೆ. ಅದಕ್ಕೂ ಗತಿಯಿಲ್ಲದೆ ಬರಿಯ ಮಂಜುನಾಥ ಎಂದು ಒಂದೇ ಪದದ ಪಾಸ್‌ಪೋರ್ಟ್ ಮಾಡಿಸಿದವನಿಗೆ ಅಮೆರಿಕದ ವೀಸಾ ಕಚೇರಿ ಇದ್ದದ್ದನ್ನು ಕುಲನಾಮವೆಂದು ಬರೆದು, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ತುಂಬುತ್ತದೆ, ಮೊದಲ ಹೆಸರು ಗೊತ್ತಿಲ್ಲ ಎಂಬರ್ಥದಲ್ಲಿ. ಊರಲ್ಲಿ ಅಜ್ಜಿ ಇಟ್ಟು, ತೊಟ್ಟಿಲಲ್ಲಿ ಕಿವಿಗೆ ಮೂರು ಸಲ ಉಸುರಿದ ಹೆಸರನ್ನು ಗೊತ್ತಿಲ್ಲ ಅನ್ನುತ್ತಾರಲ್ಲ, ಇವರಿಗಿಂತ ಹಾಜರಿ ಕೂಗುವ ನಮ್ಮ ಮೇಷ್ಟ್ರೇ ವಾಸಿ. ಇದು ಪ್ರಬಂಧದ ಶಿಸ್ತಿಗೆ ಹೊರಗಿನ ಮಾತು, ಆದರೂ ತೆಗೆಯುವುದಿಲ್ಲ.

ಕಡೆಯದಾಗಿ ವ್ಯಾಪ್ತಿಯ ಅಂಕಿಅಂಶ. ಸ್ವೀಡನ್ನಿನಲ್ಲಿ ಯಾವ ಕುಲನಾಮ ಎಷ್ಟು ಜನಕ್ಕಿದೆ ಎಂದು ಸರ್ಕಾರದ ಅಂಕಿಅಂಶ ಇಲಾಖೆಯೇ ಹೇಳುತ್ತದೆ. ನಮ್ಮಲ್ಲಿ ಆ ಹೊಣೆ ಸಂಜೆಯ ತುಮಕೂರು–ಗುಬ್ಬಿ ಬಸ್ಸಿನ ಕಂಡಕ್ಟರದು. ಊರು ಹತ್ತಿರವಾದಾಗ ಅವನು ಸೀಟಿ ಊದಿ, ‘ಯಾರ್ರೀ ಗುಬ್ಬಿ?’ ಎಂದು ಕೂಗುತ್ತಾನೆ. ‘ನಾವು’ ಎಂದು ಮುಕ್ಕಾಲು ಬಸ್ಸು ಎದ್ದು ನಿಲ್ಲುತ್ತದೆ. ಆ ಕ್ಷಣದಲ್ಲಿ ಕುಲನಾಮಧಾರಿಗಳ ಸಂಖ್ಯೆ, ಕಂಬಿ ಹಿಡಿದು ನೇತಾಡುವವರನ್ನೂ ಬಗಲ ಕೂಸುಗಳನ್ನೂ ಸೇರಿಸಿದರೂ, 2000 ಮುಟ್ಟುವುದಿಲ್ಲ. ಆದ್ದರಿಂದ ಸ್ವೀಡನ್ನಿನ ಕಾನೂನಿನಂತೆ ಅವರೆಲ್ಲ ಸಂರಕ್ಷಿತರು. ಈ ಅಂಶವನ್ನು ಕಂಡಕ್ಟರರ ಗಮನಕ್ಕೆ ತಂದಾಗ ಅವರು, ‘ಆಯ್ತು ಸ್ವಾಮಿ, ಬೇಗ ಇಳೀರಿ, ಹಿಂದೆ ಇನ್ನೊಂದು ಗಾಡಿ ನಿಂತೈತೆ’ ಎಂದು ಅಭಿಪ್ರಾಯಪಟ್ಟರು.